ಡೋರ್ಕಸಳ ನೆಂಟರು

"ಮೆಲ್ಲಗೆ, ಮೆಲ್ಲಗೆ! ಎಡಗಡೆ ತಗ್ಗಿದೆ," ಎಂದು ಏಮಸ್ ಕೂಗಿದ. ಪೆಟ್ಟಿಗೆಯ ಅಡಿಗೆ ತೂರಿಸಿದ ಬಿಳಿ ಬಟ್ಟೆಗಳ ತುದಿ ಹಿಡಿದವರು ಸ್ಮಶಾನದ ಏರಿನಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡರು. ಪೆಟ್ಟಿಗೆಯಲ್ಲಿ ಅವನ ಅಕ್ಕ ಡೋರ್ಕಸ್ ಟ್ರೆವೇಲ್ ಇದ್ದಳು. ಅಮೆರಿಕದ ವಿಸ್ಕಾನ್ಸಿನ್‌ನ ಈ ಸೀಸದ ಗಣಿಯೂರಿನಲ್ಲಿ ಹುಟ್ಟಿ, ಶಾಲೆಯ ಅಡುಗೆಮನೆಯಲ್ಲಿ ದುಡಿದು, ಮದುವೆಯಾಗದೆ ಮುದುಕಿಯಾದವಳು. ಗಣಿಗಳು ಮುಚ್ಚಿ ಎಷ್ಟೋ ಕಾಲವಾಗಿತ್ತು. ಇಂಗ್ಲೆಂಡಿನಿಂದ ಗಣಿ ಕೆಲಸಕ್ಕೆ ಬಂದ ಹಿರಿಯರು ತಂದ, ಹಾಡುತ್ತ ಹೆಣವನ್ನು ಕೈಯಲ್ಲೇ ಹೊರುವ ಕಾರ್ನ್‌ವಾಲ್ ಪದ್ಧತಿ ಮಾತ್ರ ಉಳಿದಿತ್ತು.

ಎಲ್ಲರ ಹಿಂದೆ ಲವ್‌ಡೇ ನಡೆಯುತ್ತಿದ್ದಳು. ಸುದ್ದಿ ಕೇಳಿ ಕಾರ್ನ್‌ವಾಲ್‌ನಿಂದ ಓಡಿಬಂದಿದ್ದಳು.

"ಅವರು ನಿಮ್ಮ ನೆಂಟರಾ?" ಪಕ್ಕದ ಮನೆಯಾಕೆ ಕೇಳಿದಳು.

"ನೆಂಟರೆಲ್ಲಿಂದ ಬಂದ್ರು? ಅತ್ತಿಗೆಗೆ ಸ್ನೇಹಿತೆ ಅಷ್ಟೆ," ಎಂದಳು ಏಮಸನ ಹೆಂಡತಿ ಬ್ಯೂಲಾ. "ಮುತ್ತಜ್ಜನ ಬೇರು ಹುಡುಕ್ತೀನಿ ಅಂತ ಜನ್ಮವೆಲ್ಲ ಸವೆಸಿದ್ಲು. ಸಿಕ್ಕಿದ್ದೇನು? ಮುತ್ತಜ್ಜ ಕದ್ದ ಹೆಸರಿನೋನು ಅಂತ! ಅದೇ ಕೊರಗಲ್ಲಿ ಹೋದ್ಲು."

*

ಒಂದು ಬೇಸಿಗೆಯಲ್ಲಿ ಡೋರ್ಕಸ್ ಸಮುದ್ರ ದಾಟಿ ಹೋಗಿದ್ದಳು. ಮುತ್ತಜ್ಜ ಸೈಲಸ್ ಟ್ರೆವೇಲ್ ಯಾವ ಹಳ್ಳಿ ಬಿಟ್ಟು ಹಡಗು ಹತ್ತಿದನೆಂದು ಅವಳಿಗೆ ಗೊತ್ತಿತ್ತು. ಆ ಹಳ್ಳಿಯಲ್ಲಿ ಟ್ರೆವೇಲ್ ಎಂಬ ಮನೆತನ ಇದ್ದದ್ದು ಒಂದೇ, ಅದು ಲವ್‌ಡೇಯ ತವರು. ಲವ್‌ಡೇ ವಾರದಲ್ಲೇ ಗೆಳತಿಯಾದ ಅವಳನ್ನು ಚರ್ಚಿನ ಹಿಂದೆ ಕರೆದೊಯ್ದು, ಪುಟ್ಟ ಗೋರಿಕಲ್ಲಿನ ಪಾಚಿ ಕೆರೆದು ತೋರಿಸಿದಳು.

"ನಮ್ಮನೇಲಿ ನಂಗೆ ಗೊತ್ತಿರೋ ಸೈಲಸ್ ಇವನೊಬ್ಬನೇ ಕಣೇ. ಕೂಸಾಗಿದ್ದಾಗಲೇ ದಡಾರದಲ್ಲಿ ಹೋದ ಅಂತ ನಮ್ಮಜ್ಜಿ ಹೇಳೋಳು."

"ಹಂಗಾದ್ರೆ ನಮ್ಮೋನು ಯಾರು? ಸತ್ತ ಕೂಸಿನ ಹೆಸರು ಹಾಕ್ಕೊಂಡು ಓಡಿಬಂದ ಕಳ್ಳನಾ?"

"ಹೋಗ್ಲಿ ಬಿಡೇ. ನಾನಿಲ್ವಾ ನಿಂಗೆ?"

"ನೀನು ನಮ್ಮೋಳೇ ಆಗಿದ್ರೆ ಎಷ್ಟು ಚೆನ್ನಾಗಿತ್ತು," ಎಂದು ಡೋರ್ಕಸ್ ಆ ಕಲ್ಲಿನ ಮೇಲೇ ಕುಳಿತು ಅತ್ತಳು. ಊರಿಗೆ ಮರಳಿದವಳು ಹುಡುಕುವುದನ್ನೇ ಬಿಟ್ಟಳು. ಕಾರ್ನ್‌ವಾಲ್ ಮನೆತನಗಳೆಲ್ಲ ಸೇರುವ ವರ್ಷದ ಊಟಕ್ಕೆ ಕೇಸರಿ ಬನ್ನು ಮಾಡಿ ಕಳಿಸುತ್ತಿದ್ದಳು, ತಾನು ಹೋಗುತ್ತಿರಲಿಲ್ಲ. ಯಾರದೋ ಹೆಸರು ಹೊತ್ತು ಅಲ್ಲಿ ಕೂರಲು ಅವಳಿಗೆ ನಾಚಿಕೆ.

*

ಪೆಟ್ಟಿಗೆ ಗುಂಡಿಗೆ ಇಳಿಯಿತು. ಹಾಡು ಮುಗಿಯಿತು. ಜನರಿಗೆ ದಾರಿ ಬಿಡಲು ಹಿಂದೆ ಸರಿದ ಲವ್‌ಡೇಯ ಕಾಲಿಗೆ ಒಂದು ಚಿಕ್ಕ ಗೋರಿಕಲ್ಲು ತಾಗಿತು. ಬಗ್ಗಿ ಓದಿದಳು. ಏಮಸ್ ಟ್ರೆವೇಲ್ ಎಂದಿತ್ತು.

"ಇದೇನಪ್ಪಾ, ನಿನ್ನ ಹೆಸರು ಇಲ್ಲಿ?"

"ಅದು ನಮ್ಮಣ್ಣ," ಎಂದ ಏಮಸ್. "ನಾನು ಹುಟ್ಟೋಕೆ ಮುಂಚೇನೇ ಹೋಗಿದ್ದ. ಆ ಹೆಸರನ್ನೇ ಅಮ್ಮ ನಂಗಿಟ್ಳು. ಸತ್ತ ಕೂಸಿನ ಹೆಸರು ಮಣ್ಣಿಗೆ ಬಿಡಬಾರದು, ಮುಂದಿನ ಕೂಸಿಗಿಡಬೇಕು ಅನ್ನೋರಲ್ವಾ ನಮ್ಮೋರು? ಮುತ್ತಜ್ಜ ಸೈಲಸನಿಗೂ ಅಣ್ಣನ ಹೆಸರೇ ಇಟ್ಟಿದ್ರಂತೆ."

ಲವ್‌ಡೇ ಅವನ ತೋಳು ಹಿಡಿದುಕೊಂಡಳು. "ಇದನ್ನ ಡೋರ್ಕಸಿಗೆ ಹೇಳ್ಲಿಲ್ವೇನೋ?"

"ಅವಳೆಲ್ಲಿ ಕೇಳಿದ್ಲು? ಇಂಗ್ಲೆಂಡನ್ನೆಲ್ಲ ಕೇಳಿದ್ಲು, ನನ್ನೊಬ್ಬನ್ನ ಬಿಟ್ಟು. ಅವಳು ಆ ಮಾತೆತ್ತಿದ್ರೆ ನಾನೂ ಎದ್ದು ಹೋಗ್ತಿದ್ದೆ ಅನ್ನು. ಯಾಕೆ?"

"ಅಯ್ಯೋ ದೇವರೇ! ನಿಮ್ಮೋನು ನಮ್ಮೋನೇ ಕಣೋ. ನಮ್ಮೂರ ಗೋರೀಲಿರೋ ಕೂಸು ಸೈಲಸನ ತಮ್ಮ!"

ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದಳು ಡೋರ್ಕಸ್. ಪ್ರತಿವರ್ಷ ಈ ಚಿಕ್ಕ ಕಲ್ಲಿಗೆ ಹೂವಿಡುತ್ತಿದ್ದವಳು ಅವಳೇ. ಲವ್‌ಡೇಯಾದರೂ ಏನು ಕಮ್ಮಿ? ತನ್ನ ಕಡೆಯೂ ಇದೇ ಪದ್ಧತಿ ಇದ್ದರೂ, ಸತ್ತ ಕೂಸನ್ನು ತೋರಿಸಿ ಕೈತೊಳೆದುಕೊಂಡಿದ್ದಳು. ಅದರ ಹಿಂದೆ ಹುಟ್ಟಿದ್ದು ಯಾರೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಎಂಥ ಪಾಪ!

ಪೆಟ್ಟಿಗೆಯ ಮೇಲೆ ಮೊದಲ ಮಣ್ಣು ಬಿದ್ದ ಸದ್ದಾಯಿತು.

"ನಿಲ್ಸ್ರೋ!" ಎಂದು ಏಮಸ್ ಕಿರುಚಿದ. "ಅವಳಿಗೊಂದು ಮಾತು ಹೇಳೋದಿದೆ."

"ಸತ್ತೋರಿಗೆ ಕೇಳುತ್ತೇನ್ರೀ?" ಬ್ಯೂಲಾ ಗೊಣಗಿದಳು.

"ನೀನು ಸುಮ್ನಿರು."

ಲವ್‌ಡೇ ಕೆಸರಿನಲ್ಲೇ ಮಂಡಿಯೂರಿ, ಗುಂಡಿಯೊಳಗೆ ಬಾಗಿ, "ಡೋರ್ಕಸ್! ಏ ಡೋರ್ಕಸ್! ನಾನು ನಿಮ್ಮೋಳೇ ಕಣೇ!" ಎಂದು ಕೂಗತೊಡಗಿದಳು, ಮತ್ತೆ ಮತ್ತೆ, ಕಿವುಡರಿಗೆ ಕೂಗಿದ ಹಾಗೆ. ಅವಳು ಒಳಗೆ ಬೀಳದಂತೆ ಏಮಸ್ ಹಿಂದಿನಿಂದ ಅವಳ ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.