ಆಕಾಶದಲ್ಲಿ ಹೂಂಗುಟ್ಟಿದ ಪ್ರಣಿತಾ

“ಸಹಿ ಮಾಡೂದಿಲ್ಲ ಅಂದ್ರ ಮಾಡೂದಿಲ್ಲ! ಬ್ರೇಕ್ ಬಿಟ್ಟು ಹೂಂರಿ ಅಂತಿ. ಮ್ಯಾಲ ಕುಂತು ಅಜ್ಜಿ ಕಡಿಂದ ಕಥಿ ಕೇಳ್ಲಾಕತ್ತಿದ್ದೇನು?”

“ಹೂಂ ಅನ್ನಲಿಲ್ಲಂದ್ರ ನೀವೇ ‘ಕಿವುಡಿ ಆಗೀಯೇನು’ ಅಂತ ಒದರ್ತೀರಿ, ಕಾಕಾ. ಹೋದ ವಾರ ಒದರಿದ್ರಿಲ್ಲ?”

“ಒದರ್ತೇನಿ. ಗಂಟಲ ನಂದದ, ಒದರ್ತೇನಿ. ನೀ ಯಾಕ ಕೈ ಬಿಡ್ತಿ?”

“ದೊಡ್ಡವರು ಮಾತಾಡಿದ್ರ ಸುಮ್ಮ ಕುಂದ್ರಾಕ ಆಗ್ತದೇನ್ರಿ? ನಮ್ಮವ್ವ ಹಂಗ ಕಲಿಸಿಲ್ಲ.”

ಠಾಣಾ ಕುಶನೂರಿನ ಹೊರಗೆ ಸೋಯಾ ಕೊಯ್ದ ಬಯಲಿನಲ್ಲಿ ನಾನು ಪ್ಯಾರಾಗ್ಲೈಡಿಂಗ್ ಕಲಿಸುತ್ತೇನೆ. ಓದಿದ್ದು ಎಕಂಬಾದ ಶಾಲೆಯಲ್ಲಿ ಏಳನೆಯ ಇಯತ್ತೆ. ಮಹಾರಾಷ್ಟ್ರದ ಗುಡ್ಡಗಳಲ್ಲಿ ಮಂದಿ ಹಾರುವ ಬಟ್ಟೆಯ ರೆಕ್ಕೆ ಮಡಚಿಕೊಡುವ ಕೂಲಿ ಮಾಡುತ್ತ ಹಾರುವುದನ್ನು ಕಲಿತೆ. ನಮ್ಮ ಬಯಲಲ್ಲಿ ಗುಡ್ಡವಿಲ್ಲ. ಮಕ್ಬೂಲ ಹಗ್ಗ ಸುತ್ತುವ ಯಂತ್ರ ನಡೆಸುತ್ತಾನೆ. ಅದು ಮಂದಿಯನ್ನು ಗಾಳಿಪಟದಂತೆ ಎಳೆದು ಮೇಲೇರಿಸುತ್ತದೆ. ಎತ್ತರ ಸಿಕ್ಕ ಮೇಲೆ ಹಾರುವವರು ಹಗ್ಗ ಬಿಚ್ಚಿಕೊಳ್ಳುತ್ತಾರೆ.

ಪ್ರಣಿತಾ ಭಾಲ್ಕಿಯವಳು, ಬೀದರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಜನರನ್ನು ಜೊತೆಗೆ ಕೂರಿಸಿಕೊಂಡು ಹಾರಿಸುವ ಕೆಲಸ ಹಿಡಿಯಬೇಕೆಂದು ಅವಳ ಹಟ. ಅದರ ತರಬೇತಿ ಹಿಮಾಚಲದಲ್ಲಿ, ರೈಲು ಅವತ್ತೇ ಸಂಜೆ. ಹಾರುವಾಗ ರೆಕ್ಕೆ ಮಡಚಿಕೊಂಡರೆ ತಾನೇ ಸರಿಪಡಿಸಿಕೊಂಡು ಇಳಿಯಬಲ್ಲಳು ಎಂದು ಅವಳ ಪುಸ್ತಕದಲ್ಲಿ ನಾನು ಸಹಿ ಮಾಡಬೇಕು. ಇಲ್ಲದಿದ್ದರೆ ಅಲ್ಲಿ ಒಳಗೆ ಬಿಡುವುದಿಲ್ಲ.

ಹಿಂದಿನ ದಿನ ವಾಕಿಟಾಕಿಯಲ್ಲಿ ‘ಎಡಕ್ಕ ತಿರುಗು’ ಅಂದಿದ್ದೆ. ಹೆಗಲ ಮೇಲಿನ ಗುಂಡಿ ಒತ್ತಲು ಅವಳು ರೆಕ್ಕೆ ತಿರುಗಿಸಲು ಎರಡೂ ಕೈಯಲ್ಲಿ ಹಿಡಿಯುವ ಬ್ರೇಕುಗಳಲ್ಲಿ ಒಂದನ್ನು ಬಿಟ್ಟು ‘ಹೂಂರಿ ಕಾಕಾ’ ಅಂದಳು. ಗುಂಡಿ ಒತ್ತಿದಷ್ಟು ಹೊತ್ತು ನನ್ನ ಮಾತು ಅವಳಿಗೆ ಕೇಳುವುದಿಲ್ಲ. ಮುಂದಿನ ಮಾತು ತಪ್ಪಿತು. ಹೋಗಿ ಕಣಕಿಯ ಬಣವೆಯಲ್ಲಿ ಸೊಂಟದ ತನಕ ಹೂತುಕೊಂಡಳು. ಅಲ್ಲಿಂದಲೂ ಗುಂಡಿ ಒತ್ತಿ ‘ಇಳಿದೇನ್ರಿ ಕಾಕಾ’ ಅಂದಳು.

“ಉಸ್ತಾದ್,” ಮಕ್ಬೂಲ ನಡುವೆ ಬಂದ, “ಇನ್ನೊಂದು ಸಲ ಎಳೀತೇನಿ. ನೋಡ್ರಿ, ಆಮ್ಯಾಲ ಬೇಕಾದಷ್ಟು ಬೈರಿ.”

ಎಳೆದ. ಅವಳು ಹಗ್ಗ ಬಿಚ್ಚಿಕೊಂಡು, ತಿರುಗಿ, ನಮ್ಮ ಕಡೆಗೆ ಬರುತ್ತಿದ್ದಳು. ಹತ್ತು ಗಂಟೆಯಾಗಿತ್ತು. ಕರಿಮಣ್ಣು ಕಾದು ಬಿಸಿಗಾಳಿ ಏಳುತ್ತಿತ್ತು. ಒಮ್ಮೆಲೇ ರೆಕ್ಕೆಯ ಅರ್ಧ ಭಾಗ ತೋಯ್ದ ಧೋತರದಂತೆ ಕೆಳಗೆ ಜೋತುಬಿತ್ತು.

“ಬಲಗಡಿ ಮಡಚ್ಯದ! ಬಲಗಡಿ ಜಗ್ಗು! ಜೋರ್ ಜಗ್ಗು!” ಎಂದು ವಾಕಿಟಾಕಿಯಲ್ಲಿ ಒದರಿದೆ.

ಈ ಸಲ ಅವಳ ಕೈ ಬ್ರೇಕ್ ಬಿಟ್ಟು ಗುಂಡಿಗೆ ಹೋಗಲಿಲ್ಲ.

“ಕೇಳಸ್ತದೋ ಇಲ್ಲೋ? ಬಲಗಡಿ!”

ಮಕ್ಬೂಲ ನನ್ನ ಅಂಗಿ ಹಿಡಿದೆಳೆದ. “ಉಸ್ತಾದ್, ಆಕಿ ಮಾರಿ ನಮ್ಮ ಕಡಿ ಅದ. ನಮ್ಮ ಬಲ ಆಕಿಗಿ ಎಡ!”

ಮಡಚಿದ್ದು ಅವಳ ಎಡಭಾಗ. ನನ್ನ ಮಾತು ಕೇಳಿ, ಸರಿಯಿದ್ದ ಬಲಭಾಗವನ್ನು ಜೋರಾಗಿ ಜಗ್ಗಿದರೆ ಅದೂ ಹಾರುವುದನ್ನು ಬಿಟ್ಟು, ಗಿರಗಿರ ತಿರುಗುತ್ತ ಬೀಳುತ್ತಾಳೆ. ಸರಿ ಮಾತು ಹೇಳಲು ವಾಕಿಟಾಕಿ ಮತ್ತೆ ಬಾಯಿಗೆ ಹಿಡಿದೆ, ಅಷ್ಟರಲ್ಲಿ ಅವಳೇ ಶುರು ಮಾಡಿದ್ದಳು.

ಪ್ರಣಿತಾ ಬಲಕ್ಕೆ ವಾಲಿ, ತೆರೆದಿದ್ದ ಕಡೆಗೆ ಮೈಭಾರ ಹಾಕಿದಳು. ಬಲ ಬ್ರೇಕನ್ನು ನೆಟ್ಟಗೆ ಹೋಗಲು ಬೇಕಾದಷ್ಟೇ ಹಿಡಿದಳು, ಹೆಚ್ಚಿಲ್ಲ. ದಿಕ್ಕು ಸರಿಯಾದ ಮೇಲೆ ಎಡ ಬ್ರೇಕನ್ನು ಸೊಂಟದ ತನಕ ನಿಧಾನವಾಗಿ ಜಗ್ಗಿ ಬಿಟ್ಟಳು. ಇನ್ನೊಮ್ಮೆ ಜಗ್ಗಿ ಬಿಟ್ಟಳು. ಫಟ್ ಎಂದು ರೆಕ್ಕೆ ತೆರೆದುಕೊಂಡಿತು.

ಆದರೂ ಬಿಸಿಗಾಳಿ ಅವಳನ್ನು ಮೇಲಕ್ಕೇ ಒಯ್ಯುತ್ತಿತ್ತು. ಅವಳು ಎರಡೂ ಬದಿಯ ಅಂಚಿನ ದಾರ ಹಿಡಿದು ಕೆಳಗೆಳೆದಳು. ರೆಕ್ಕೆಯ ತುದಿಗಳು ಆಡಿನ ಕಿವಿಯಂತೆ ಜೋತವು. ಇದಕ್ಕೆ ನಾವು ಕಿವಿ ಮಡಚುವುದು ಅನ್ನುತ್ತೇವೆ. ಬೇಗ ಕೆಳಗಿಳಿಯುವ ದಾರಿ ಇದು. ಕಿವಿ ಮಡಚಿದ ಮೇಲೆಯೇ ಕಾಲಿನಿಂದ ವೇಗ ಹೆಚ್ಚಿಸುವ ಪಟ್ಟಿ ಒತ್ತಿದಳು. ಬಿಡುವಾಗ ಮೊದಲು ಪಟ್ಟಿ ಬಿಟ್ಟು ಆಮೇಲೆ ಕಿವಿ ಬಿಟ್ಟಳು, ಅದೂ ನೆಲ ಇನ್ನೂ ದೂರವಿರುವಾಗಲೇ. ಎಲ್ಲಾ ನಾನು ಕಲಿಸಿದ ಹಾಗೇ. ಬಯಲಿನ ನಟ್ಟನಡುವೆ ಎರಡು ಹೆಜ್ಜೆ ಓಡಿ ನಿಂತಳು.

ನಾನು ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ.

“ನಾ ಹೇಳಿದ್ದು ಕೇಳಿಸ್ಲಿಲ್ಲೇನು?”

“ಕೇಳಿಸ್ತು ಕಾಕಾ. ಇಡೀ ಔರಾದ ತಾಲೂಕಿಗಿ ಕೇಳಿಸ್ಯದ.”

“ಮತ್ತ?”

“ನೀವು ತಪ್ಪು ಹೇಳ್ತಿದ್ರಿ. ಮ್ಯಾಲ ಇದ್ದಾಕಿ ನಾನು.”

ಐವತ್ತೆರಡು ವರ್ಷದಲ್ಲಿ ನನ್ನ ಮುಖಕ್ಕೇ ‘ತಪ್ಪು’ ಅಂದವಳು ನನ್ನ ಹೆಂಡತಿ ಈಶ್ವರಿ ಒಬ್ಬಳೇ. ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ. ಹಾಳಾದ ನಗು ಬಂತು.

“ಪುಸ್ತಕ ತಾ ಇಲ್ಲಿ.”

ಮೊಣಕಾಲ ಮೇಲಿಟ್ಟು ಸಹಿ ಮಾಡಿದೆ. ಷರಾ ಬರೆಯುವ ಜಾಗದಲ್ಲಿ ಬರೆದೆ: ‘ತಪ್ಪು ಸೂಚನೆ ಕೊಟ್ಟರೆ ಪಾಲಿಸುವುದಿಲ್ಲ. ಉತ್ತಮ.’

“ಅಯ್ಯ ಕಾಕಾ, ಇದನ್ನ ಓದಿ ನನಗ ಹೊರಗ ಹಾಕ್ತಾರ!”

“ಹಾಕಿದ್ರ ಫೋನ್ ಹಚ್ಚು. ಅವರಿಗೂ ಒದರ್ತೇನಿ.”

ಮಕ್ಬೂಲ ಹೊಟ್ಟೆ ಹಿಡಿದುಕೊಂಡು ನಕ್ಕ. ಈಶ್ವರಿ ಮೂವರಿಗೂ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಿದ್ದಳು. ಉಂಡು ಹೋಗು ಅಂದೆ.

“ಬೀದರ್ ಬಸ್ ತಪ್ತದ್ರಿ ಕಾಕಾ. ಬರ್ತೇನಿ. ಜೈ ಭೀಮ್.”

ತನಗಿಂತ ದೊಡ್ಡ ಚೀಲವನ್ನು ಬೆನ್ನಿಗೇರಿಸಿ, ತೊಗರಿ ಕೂಳೆಗಳ ನಡುವಿನ ಹಾದಿ ಹಿಡಿದು ನಡೆದಳು. ಬಸ್ಸು ನಿಂತಿತು, ಹತ್ತಿದಳು. ತರಬೇತಿ ಮುಗಿದ ಮೇಲೆ ಹಿಮಾಚಲದಲ್ಲೇ ಕೆಲಸ ಹಿಡಿದಳು. ನಮ್ಮ ಬಯಲಿಗೆ ಮತ್ತೆ ಬರಲಿಲ್ಲ.