ಕಣಿಕೆಯ ಬಣವೆ

ಗಾಳೆಪ್ಪ ಅಂಗಿಯ ತೋಳು ಮಡಚಿ ಬಣವೆಯೊಳಗೆ ಕೈ ತೂರಿಸಿಯೇಬಿಟ್ಟ. ಬೆಂಗಳೂರಿನ ಆ ಕಲಾ ಮ್ಯೂಸಿಯಂನ ವಾಚ್‌ಮನ್ ದಡಬಡಿಸಿ ಓಡಿ ಬರುವಷ್ಟರಲ್ಲಿ ಮೊಣಕೈ ಒಳಗೆ ಹೋಗಿತ್ತು.

ತಪ್ಪು ಗಾಳೆಪ್ಪನದೇನೂ ಅಲ್ಲ. ಕುಷ್ಟಗಿ ಸೀಮೆಯಲ್ಲಿ ಬಣವೆಯನ್ನು ಬರೀ ಕಣ್ಣಿನಿಂದ ನೋಡಿ ಯಾರೂ ಒಪ್ಪುವುದಿಲ್ಲ. ಜೋಳದ ಒಣದಂಟಿನ, ಅಂದರೆ ಕಣಿಕೆಯ, ಸಿವುಡು ಕಟ್ಟುಗಳನ್ನು ನಡು ಎತ್ತರ, ಅಂಚು ಇಳಿಜಾರು ಮಾಡಿ ಒಟ್ಟಿದ್ದರೆ ಒಳಗೆ ಹೋದ ಕೈ ತಾನಾಗಿ ಮೇಲಕ್ಕೇರುತ್ತದೆ. ಕೈ ಕೆಳಗಿಳಿಯಿತೋ, ನಾಳೆ ಮಳೆನೀರೂ ಹಾಗೆಯೇ ಇಳಿದು ಮೇವು ಕೊಳೆಯುತ್ತದೆ. ಗಾಳೆಪ್ಪ ಮೂವತ್ತು ವರ್ಷ ಊರವರ ಬಣವೆಗಳನ್ನು ಒಟ್ಟಿದವನು. ಒಂದೂ ಕೊಳೆತಿರಲಿಲ್ಲ.

ಈ ಬಣವೆ ಮಾತ್ರ ಮಗಳು ಹೇಮಾವತಿಯದು. ಚಿತ್ರಕಲೆ ಓದಿದ ಹುಡುಗಿ ಮ್ಯೂಸಿಯಂನ ಅಷ್ಟು ದೊಡ್ಡ ಸಭಾಂಗಣದಲ್ಲಿ ಪ್ರದರ್ಶನಕ್ಕೆಂದು ಒಟ್ಟಿದ್ದು ಬಣವೆ ಎಂದು ತಿಳಿದಾಗ, ಊರ ಕಟ್ಟೆಯ ಮೇಲಿದ್ದ ಗೆಳೆಯ ಉಮಾಪತಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆರು ವರ್ಷ ಓದಿಸಿ ಮಗಳನ್ನೂ ಮೇವಿಗೇ ಹಚ್ಚಿದೆಯಲ್ಲ ಎಂದಿದ್ದ. ಆ ಮಾತನ್ನು ಗಾಳೆಪ್ಪ ರೈಲು ಪ್ರಯಾಣದುದ್ದಕ್ಕೂ ಮೆಲುಕು ಹಾಕಿದ್ದ. ಇದು ಬರೀ ನೋಡಲಿಕ್ಕೆ ಚೆಂದವಾಗಿದ್ದರೆ ಊರಿಗೆ ಹೋಗಿ ಏನು ಹೇಳುವುದು? ಬಣವೆಯ ವಿಷಯದಲ್ಲಿ ಸುಳ್ಳು ಹೇಳುವುದು ಅವನಿಂದಾಗದು.

"ಯಜಮಾನ್ರೇ, ಮುಟ್ಟಬಾರದು," ಎಂದ ವಾಚ್‌ಮನ್. ಪಕ್ಕದಲ್ಲೇ ಇದ್ದ ಹೇಮಾವತಿ ಅವನನ್ನು ತಡೆದು, ಅಪ್ಪನ ಮುಖವನ್ನೇ ನೋಡುತ್ತ ನಿಂತಳು.

ಕೈ ಹೆಗಲವರೆಗೂ ಹೋಯಿತು. ಹೋದಂತೆಲ್ಲ ಮೇಲಕ್ಕೇರಿತು.

ಗಾಳೆಪ್ಪನಿಗೆ ನಂಬಲಾಗಲಿಲ್ಲ. ಇದನ್ನು ಅವಳಿಗೆ ಅವನು ಕಲಿಸಿರಲಿಲ್ಲ. ಸಣ್ಣವಳಿದ್ದಾಗ ಕೆಳಗೆ ನಿಂತು ಸಿವುಡು ಎತ್ತಿ ಕೊಡುತ್ತಿದ್ದಳು, ಅಷ್ಟೇ.

"ಇಲ್ಲಿ ಮಳಿ ಎಲ್ಲಿಂದ ಬರಬೇಕವ್ವ?" ಎಂದು ಮೆಲ್ಲಗೆ ಕೇಳಿದ. "ಒಳಗ ಹೆಂಗಿದ್ರೂ ನಡೀತಿತ್ತು. ಯಾರ ನೋಡತಿದ್ರು?"

"ನೀ ನೋಡತಿ ಅಂತ ಗೊತ್ತಿತ್ತಪ್ಪ."

ಅವನು ಕೈ ಹೊರಗೆಳೆದುಕೊಂಡ. ಹೆಮ್ಮೆಗೆ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗಳಿಗೇ ಕಷ್ಟವಾಯಿತು. ಉಮಾಪತಿಗೆ ಹೇಳಬೇಕಾದ ಮಾತು ಈಗ ಸಿಕ್ಕಿತ್ತು. ಅದನ್ನು ಅವಸರವಿಲ್ಲದೆ, ಕಟ್ಟೆ ತುಂಬಿದಾಗಲೇ ಹೇಳಬೇಕು ಎಂದುಕೊಂಡ.

ಅಷ್ಟರಲ್ಲಿ ಕೋಟು ತೊಟ್ಟವರೊಬ್ಬರು ಬಂದು, ಬಗ್ಗಿ, ಒಂದು ಸಿವುಡಿನತ್ತ ಬೆರಳು ಚಾಚಿದರು. ವಾಚ್‌ಮನ್ ಬಾಯಿ ತೆರೆಯುವ ಮೊದಲೇ ಗಾಳೆಪ್ಪ ಅಡ್ಡ ಬಂದು ನಿಂತ.

"ಮುಟ್ಟಬ್ಯಾಡ್ರಿ," ಎಂದ. "ನನ್ನ ಮಗಳು ಒಟ್ಯಾಳ."

ಅವನ ತೋಳಿನ ತುಂಬ ಕಣಿಕೆಯ ಚೂರುಗಳು ಇನ್ನೂ ಅಂಟಿಕೊಂಡಿದ್ದವು.