ಹಿಲ್ಡಿಂಗನ ಏಳನೇ ಊಹೆ

ಈ ಕಥೆಯನ್ನು ಸ್ಟಾರ್ಟ್ ಮಾಡುವುದು ಹೇಗೆ? ನಾನೇನು ಸಾಮಾನ್ಯ ಕಥೆಗಾರನಲ್ಲ. ಬರೀ ಮೊದಲ ವಾಕ್ಯಗಳನ್ನೇ ನಾಲ್ಕು ಸಾವಿರ ಬರೆದು ಹರಿದವನು. ಆ ಚೂರುಗಳನ್ನು ಒಲೆಗೆ ಹಾಕಿಕೊಂಡೇ ಸ್ವೀಡನ್ನಿನ ಹ್ಯಾರ್ನೆಸಾಂಡ್ ಊರು ಒಂದು ಚಳಿಗಾಲ ಕಳೆದಿದೆ. (ಸುಳ್ಳು ಅನ್ನಿಸಿದರೆ ಊರಿನವರನ್ನೇ ಕೇಳಿ. ಅವರು ಅಪರಿಚಿತರೊಡನೆ ಮಾತಾಡುವುದಿಲ್ಲ. ಹಾಗಾಗಿ ನಾನು ಹೇಳಿದ್ದೇ ನಿಜ.)

ಕರಡು ಒಂದು: "ಉಗುಳು ನೆಲ ಮುಟ್ಟುವ ಮೊದಲೇ ಗೋಲಿಯಾಗಿ ಉರುಳುವಂಥ ಚಳಿಯಲ್ಲಿ, ಮಾಯ್ಲಿಸಳ ಇಪ್ಪತ್ತೈದು ವರ್ಷದ ಕಾರು ಏಳಲಿಲ್ಲ..."

"ಎಲ್ಲಿತ್ತಪ್ಪಾ ಅಷ್ಟು ಚಳಿ?" ಎಂದ ಹಿಲ್ಡಿಂಗ್, ಬಾನೆಟ್ಟಿನೊಳಗಿಂದ ತಲೆ ಎತ್ತದೆ. "ಚಳಿ ಅಂತ ಬರದ್ರೆ ಓದೋರು ಬ್ಯಾಟರಿ ಅಂದ್ಕೋತಾರೆ. ಬ್ಯಾಟರಿ ಹೊಸದು. ನಾನೇ ಹಾಕಿದ್ದು. ಹೊಡೆದುಹಾಕು ಅದನ್ನ."

ಹೊಡೆದುಹಾಕಿದೆ. ಹಿಲ್ಡಿಂಗ್ ಬಂದರಿನ ಗ್ಯಾರೇಜಿನಲ್ಲಿ ನಲವತ್ತು ವರ್ಷ ದುಡಿದು ನಿವೃತ್ತನಾದವನು. ಸತ್ತ ಇಂಜಿನ್ನಿನ ಕಿವಿಯಲ್ಲಿ ಅವನು ಒಮ್ಮೆ ಕೆಮ್ಮಿದರೆ ಸಾಕು, ಅದು ಎದ್ದು ಕೂತು ಕಾಫಿ ಕೇಳುತ್ತಿತ್ತು ಎಂದು ಖ್ಯಾತಿ. (ಹಬ್ಬಿಸಿದವನು ನಾನೇ.) ಮಾಯ್ಲಿಸ್ ಅವನ ಮೇಲಂತಸ್ತಿನವಳು, ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವಳ ಕಸುಬು. ಈ ಕಾರು ಕೈಕೊಟ್ಟಿದ್ದರಿಂದ ನಲವತ್ತು ಕಿಲೋಮೀಟರ್ ಆಚೆಯ ಚರ್ಚಿನ ಕೆಲಸ ಎರಡು ಸಲ ತಪ್ಪಿದೆ. ಇಂದು ಹನ್ನೊಂದು ಗಂಟೆಗೆ ಮೂರನೇ ಸಲ. ಇದೂ ತಪ್ಪಿದರೆ ಆ ಪಿಯಾನೊ ಬೇರೆಯವರ ಪಾಲು ಎಂದು ಚರ್ಚಿನವರು ಬಹಳ ಮರ್ಯಾದೆಯಿಂದ ತಿಳಿಸಿದ್ದಾರೆ. ಈಗ ಒಂಬತ್ತೂವರೆ.

೨

ಕಾಯಿಲೆಯ ಲಕ್ಷಣ: ಹದಿಮೂರು ದಿನ ಕಾರು ಕರೆದ ಕೂಡಲೇ ಏಳುತ್ತದೆ. ಹದಿನಾಲ್ಕನೇ ದಿನ ಗರಗರ ತಿರುಗಿ, ಇಂಜಿನ್ ಒಂದು ಕ್ಷಣ ಚಾಲೂ ಆಗಿ, ಒಂದೇ ಒಂದು ಸೀನು ಸೀನಿ ಸುಮ್ಮನಾಗುತ್ತದೆ. ಮರುದಿನ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುತ್ತದೆ. ಬ್ಯಾಟರಿ, ಪೆಟ್ರೋಲ್ ಪಂಪು, ರಿಲೇ, ಪ್ಲಗ್ಗು, ಅರ್ಥಿಂಗ್ ವೈರು, ಸೆನ್ಸರು. ಆರು ಊಹೆ, ಆರೂ ಠುಸ್. ಹಿಲ್ಡಿಂಗ್ ಆರು ವಾರದಿಂದ ನಿದ್ದೆಯಲ್ಲೂ ಸೀನುತ್ತಿದ್ದಾನೆ.

ಕರಡು ಎರಡು (ಇದು ನನ್ನ ಹೆಮ್ಮೆಯ ಕರಡು): ಮಾಯ್ಲಿಸಳಿಗೆ ಹಿಲ್ಡಿಂಗನ ಮೇಲೆ ಮನಸ್ಸು. ಅವನು ಬರಲಿ ಎಂದು ಅವಳೇ ಕದ್ದು ವೈರು ಕೀಳುತ್ತಾಳೆ...

"ಥೂ, ನಿನ್ನ!" ಸ್ಟಿಯರಿಂಗ್ ಹಿಂದಿನಿಂದ ಮಾಯ್ಲಿಸ್ ಕೂಗಿದಳು. "ಆ ಮನುಷ್ಯ ಮಾಡೋ ಕಾಫಿ ಕುಡಿದಿದ್ದೀಯಾ ನೀನು?"

"ನನ್ನ ಕಾಫಿಗೇನಾಗಿದೆ?" ಎಂದ ಹಿಲ್ಡಿಂಗ್.

"ಇಂಜಿನ್ ಆಯಿಲ್ಲೇ ವಾಸಿ. ಕೆಲಸ ನೋಡು ಮಾರಾಯ, ಹೊತ್ತಾಗ್ತಿದೆ."

ಕರಡು ಎರಡೂ ಹೋಯಿತು.

೩

ಆಮೇಲೆ ಹಿಲ್ಡಿಂಗ್ ಸ್ಪ್ಯಾನರ್ ಕೆಳಗಿಟ್ಟ. ಇದು ನಾನು ಬರೆದದ್ದಲ್ಲ, ಅವನೇ ಇಟ್ಟ.

"ಕೈಕೊಟ್ಟ ದಿನ ಯಾವ್ಯಾವ್ದು, ಬರ್ಕೊಂಡಿದ್ದೀಯಾ?"

ಅವಳು ಡೈರಿ ತೆಗೆದು ಓದಿದಳು. ಇವತ್ತಿನದೂ ಸೇರಿ ಐದು ದಿನ. ಐದೂ ಗುರುವಾರ.

"ಆ ಗುರುವಾರಗಳಲ್ಲಿ ಏನು ವಿಶೇಷ?"

"ಏನಿಲ್ಲ."

"ನೆನಪು ಮಾಡ್ಕೋ."

"ಏನೂ ಇಲ್ಲ ಅಂದ್ನಲ್ಲ! ಎರಡು ವಾರಕ್ಕೊಮ್ಮೆ ಬರೋ ಬಟ್ಟೆ ಒಗೆಯೋ ಸರದಿ, ಅಷ್ಟೇ."

ಓದುಗರೇ, ಇಲ್ಲಿ ನೀವು ನಗಬಾರದು. ಕಟ್ಟಡಕ್ಕೆಲ್ಲ ಬಟ್ಟೆ ಒಗೆಯಲು ಒಂದೇ ಬಟ್ಟೆಕೋಣೆ ಇರುವ ಈ ಊರಿನಲ್ಲಿ ಮದುವೆಗಳು ಮುಂದಕ್ಕೆ ಹೋಗಿವೆ, ಸಾಯಬೇಕಾದವರು ಎರಡು ದಿನ ತಡೆದುಕೊಂಡಿದ್ದಾರೆ, ಬಟ್ಟೆ ಸರದಿ ಮಾತ್ರ ಒಂದು ಗಳಿಗೆ ಅಲುಗಿಲ್ಲ. ಅದು ಘಟನೆಯೇ ಅಲ್ಲ, ಉಸಿರಾಟ. ಗುರುವಾರ ಉಸಿರಾಡಿದ್ದೆ ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಹಾಗಾಗಿ ಇಷ್ಟು ದಿನ ಅವಳು ಹೇಳಲಿಲ್ಲ. ಅದೇ ಕಟ್ಟಡದಲ್ಲಿ ಅದೇ ಉಸಿರನ್ನು ಎಳೆಯುವವನಾದ್ದರಿಂದ ಹಿಲ್ಡಿಂಗನೂ ಕೇಳಲಿಲ್ಲ.

"ಬಟ್ಟೆಕೋಣೆ ಬಿಲ್ಲೆ ಎಲ್ಲಿದೆ?"

"ಇಲ್ಲೇ, ಕೀಲಿಗೊಂಚಲಲ್ಲಿ. ಸರದಿ ದಿನ ಮಾತ್ರ ಸಿಕ್ಕಿಸ್ಕೋತೀನಿ. ಕಳೆದುಹೋದ್ರೆ ಎದುರು ಮನೆಯವಳು ನನ್ನ ಬಾಗಿಲಿಗೆ ಚೀಟಿ ಅಂಟಿಸ್ತಾಳೆ, ಮೂರು ಆಶ್ಚರ್ಯಸೂಚಕ ಹಾಕಿ."

ಬಟ್ಟೆಕೋಣೆಯ ಎಲೆಕ್ಟ್ರಾನಿಕ್ ಬೀಗಕ್ಕೆ ಹಿಡಿಯುವ ನೀಲಿ ಪ್ಲಾಸ್ಟಿಕ್ ಬಿಲ್ಲೆ ಕಾರಿನ ಕೀಲಿಗೆ ಅಂಟಿಕೊಂಡಂತೆ ನೇತಾಡುತ್ತಿತ್ತು.

"ಕೀಲಿ ಹಿಡಿಯೊಳಗೆ ಒಂದು ಚಿಪ್ ಇದೆ," ಎಂದ ಹಿಲ್ಡಿಂಗ್, ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ. "ಅದು ತನ್ನ ಹೆಸರು ಹೇಳಿದ್ರೇ ಕಾರು ಏಳೋದು. ಈ ಬಿಲ್ಲೇಲೂ ಒಂದು ಚಿಪ್ ಇದೆ. ಪಕ್ಕಪಕ್ಕ ಬಂದಾಗ ಎರಡೂ ಒಟ್ಟಿಗೆ ಬಾಯಿ ಹಾಕಿದ್ರೆ ಕಾರಿಗೆ ಯಾವ್ದೂ ಕೇಳ್ಸಲ್ಲ. ಕಳ್ಳ ಬಂದ ಅಂದ್ಕೊಂಡು ಬಾಯಿ ಮುಚ್ಕೋತದೆ."

"ಅದನ್ನ ತೋರ್ಸೋಕೆ ದೀಪ ಇರಲ್ವಾ?"

"ಇರತ್ತೆ. ನಿನ್ನ ಕಾರಲ್ಲಿ ಅದರ ಬಲ್ಬು ಹೋಗಿ ಎಷ್ಟು ವರ್ಷವಾಯ್ತೋ!"

ಅವನು ಬಿಲ್ಲೆ ಕಳಚಿಕೊಂಡ. ಅವಳು ಕೀಲಿ ತಿರುಗಿಸಿದಳು. ಕಾರು ಎದ್ದಿತು! ಎದ್ದ ಸದ್ದಿಗೆ ಕೊಲ್ಲಿಯ ಆಚೆ ದಡದ ಹಕ್ಕಿಗಳು ನಾರ್ವೆಗೆ ವಲಸೆ ಹೋದವು.

೪

ಇಲ್ಲಿಗೇ ಮುಗಿಸಬಹುದಿತ್ತು. ಮುಗಿಸಲು ಪೆನ್ನಿನ ಮುಚ್ಚಳವನ್ನೂ ಹುಡುಕಿದೆ.

"ಆಫ್ ಮಾಡು," ಎಂದ ಹಿಲ್ಡಿಂಗ್.

"ಏನಂದೆ?"

"ಆಫ್ ಮಾಡು. ಬಿಲ್ಲೆ ಮತ್ತೆ ಸಿಕ್ಕಿಸೋಣ. ಈಗ ಸತ್ರೆ ಖಾತ್ರಿ. ಒಂದ್ಸಲ ಎದ್ದದ್ದು ಯಾವ ಪುರಾವೇನೂ ಅಲ್ಲ. ಹಿಂದೇನೂ ತಾನಾಗೇ ಎದ್ದಿದೆ."

ಆರು ವಾರ ಏಳು ಏಳು ಎಂದು ಬೇಡಿಕೊಂಡವನು ಈಗ ಸಾಯಿ ಎಂದು ಬೇಡುತ್ತಿದ್ದ.

ಅಂತ್ಯ ಅ: ಅವಳು ಹೊರಟುಬಿಡುತ್ತಾಳೆ. ಬಿಲ್ಲೆ ಹಿಡಿದ ಹಿಲ್ಡಿಂಗ್ ಊಹೆ ನಿಜವೋ ಸುಳ್ಳೋ ತಿಳಿಯದೇ ನಿಲ್ಲುತ್ತಾನೆ.

ಅಂತ್ಯ ಆ: ಇಂಜಿನ್ ಆಫ್ ಮಾಡಿ ಬಿಲ್ಲೆ ಸಿಕ್ಕಿಸುತ್ತಾಳೆ. ಕಾರು ಸೀನಿ ಸಾಯುತ್ತದೆ, ಮತ್ತೆ ಏಳುವುದೇ ಇಲ್ಲ. ಅವನು ಕುಣಿಯುತ್ತಾನೆ, ಅವಳು ಅಳುತ್ತಾಳೆ.

ಅಂತ್ಯ ಇ: ಬಿಲ್ಲೆ ಇದ್ದರೂ ಎದ್ದುಬಿಡುತ್ತದೆ. ಎಂಟನೇ ಊಹೆ ಹುಡುಕಬೇಕು.

"ಅಂತ್ಯ ಆ ಬರಿ," ಎಂದ ಹಿಲ್ಡಿಂಗ್ ನನಗೆ. "ಇ ಆದ್ರೂ ಸರಿ."

"ಅವನ ಮಾತು ಕೇಳ್ಬೇಡ!" ಎಂದಳು ಮಾಯ್ಲಿಸ್. ಆಮೇಲೆ ಕಿಟಕಿ ಪೂರ್ತಿ ಇಳಿಸಿ ಅವನ ಕಡೆ ತಿರುಗಿದಳು. ಕೈ ಕೀಲಿಯ ಮೇಲೇ ಇತ್ತು. ಗಂಟೆ ಹತ್ತೂಕಾಲು.

"ಹಿಲ್ಡಿಂಗ್, ನಿಜ ಹೇಳು. ನಿನಗೆ ಗೊತ್ತಾಗ್ಬೇಕೋ, ನಾನು ಹೋಗ್ಬೇಕೋ? ನೀನು ಹೇಳಿದ ಹಾಗೆ ಮಾಡ್ತೀನಿ."

ಹಿಲ್ಡಿಂಗ್ ಬಾಯಿ ತೆರೆದ. ಏನೋ ಹೇಳಿದ ಕೂಡ, ತುಟಿ ಅಲುಗಿದ್ದು ನೋಡಿದೆ. ಏನೆಂದು ನನ್ನನ್ನು ಕೇಳಬೇಡಿ. ಇಂಜಿನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.